ಮುಂಗಾಜಿನ ಬಿರುಕು

ಮೋಟಾರು ಕಾರುಗಳಲ್ಲಿ ಹಲವು ಬಗೆಗಳುಂಟು. ಕುಟುಂಬದ ಪ್ರಯಾಣಕ್ಕೆ ಅನುಕೂಲವಾಗುವಂತೆ ರೂಪುಗೊಂಡವು ಕೆಲವು. ವೇಗವನ್ನೇ ಮುಖ್ಯ ಗುರಿಯಾಗಿಟ್ಟುಕೊಂಡು ನಿರ್ಮಿತವಾದವು ಮತ್ತೆ ಕೆಲವು. ಈ ಎರಡನೆಯ ಬಗೆಯವನ್ನು ಸ್ಪೋರ್ಟ್ಸ್ ಕಾರುಗಳೆಂದು ಕರೆಯುತ್ತಾರೆ. ನೆಲಕ್ಕೆ ಸಮೀಪವಾಗಿ ತಗ್ಗಿದ ಒಡಲು, ಶಕ್ತಿಯುತವಾದ ಎಂಜಿನ್, ಗಾಳಿಯನ್ನು ಸೀಳಿಕೊಂಡು ಸಾಗಲು ನೆರವಾಗುವಂತೆ ಹಿಂದಕ್ಕೆ ಓರೆಯಾಗಿ ಬಾಗಿದ ಮುಂಭಾಗದ ಗಾಜು ಇವೇ ಅವುಗಳ ಲಕ್ಷಣಗಳು. ಈ ಮುಂಭಾಗದ ಗಾಜನ್ನು ವಿಂಡ್‌ಶೀಲ್ಡ್ ಎನ್ನುವುದು ವಾಡಿಕೆ. ನಾವು ಅದನ್ನು ಮುಂಗಾಜು ಎಂದು ಕರೆಯೋಣ. ಕಾರಿನ ಬೆಲೆ ಎಷ್ಟೇ ಹೆಚ್ಚಿರಲಿ, ಎಂಜಿನ್ ಎಷ್ಟೇ ಬಲಿಷ್ಠವಾಗಿರಲಿ, ಮುಂದೆ ಸಾಗುವ ಲಾರಿಯ ಚಕ್ರದಿಂದ ಸಿಡಿದ ಕಡಲೆಕಾಳಿನಷ್ಟು ಕಲ್ಲೊಂದು ಅದರ ಮುಂಗಾಜಿನಲ್ಲಿ ಗಾಯವನ್ನುಂಟುಮಾಡಬಲ್ಲುದು. ಆ ಗಾಯವನ್ನು ಅಲ್ಲಿಯೇ ಸರಿಪಡಿಸಬಹುದೆ, ಇಲ್ಲವೆ ಇಡೀ ಗಾಜನ್ನೇ ಬದಲಾಯಿಸಬೇಕೆ ಎಂಬ ಪ್ರಶ್ನೆ ಆಗ ಏಳುತ್ತದೆ. ಮೇಲುನೋಟಕ್ಕೆ ಇದು ಹಣದ ಪ್ರಶ್ನೆಯಂತೆ ಕಂಡರೂ ಇದರೊಳಗೆ ಪ್ರಾಣದ ಪ್ರಶ್ನೆಯೂ ಅಡಗಿದೆ. ಇದಕ್ಕೆ ಸರಿಯಾದ ಉತ್ತರ ದೊರೆಯಬೇಕಾದರೆ ಗಾಜಿನ ಸ್ವಭಾವವನ್ನು ನಾವು ಅರಿಯಬೇಕು.

ಮೋಟಾರು ವಾಹನಗಳು ಮೊದಲು ರಸ್ತೆಗಿಳಿದಾಗ ಅವುಗಳಿಗೆ ಮುಂಗಾಜೇ ಇರಲಿಲ್ಲ. ಚಾಲಕರು ಕಣ್ಣಿಗೆ ದಪ್ಪ ಕನ್ನಡಕ ಧರಿಸಿ ಗಾಳಿ ಧೂಳುಗಳನ್ನು ಎದುರಿಸುತ್ತಿದ್ದರು. ವೇಗ ಹೆಚ್ಚಿದಂತೆ ಇದು ಸಾಲದಾಯಿತು. ಮನೆಯ ಕಿಟಕಿಗೆ ಹಾಕುವಂಥ ಸಾಮಾನ್ಯ ಗಾಜನ್ನೇ ಚೌಕಟ್ಟಿನಲ್ಲಿ ಕೂರಿಸಿ ಚಾಲಕನ ಮುಂದೆ ನಿಲ್ಲಿಸುವ ರೂಢಿ ಬಂದಿತು. ಗಾಳಿಯನ್ನೇನೋ ಆ ಗಾಜು ತಡೆಯಿತು. ಆದರೆ ಅಪಘಾತವಾದಾಗ ಅದು ಕತ್ತಿಯ ಅಲಗಿನಂಥ ಚೂರುಗಳಾಗಿ ಒಡೆದು ಒಳಗೆ ಕುಳಿತವರ ಮುಖವನ್ನೂ ಕತ್ತನ್ನೂ ಸೀಳುತ್ತಿತ್ತು. ಗಾಳಿಯಿಂದ ಕಾಪಾಡಲೆಂದು ಬಂದ ವಸ್ತುವೇ ಪ್ರಾಣಕ್ಕೆ ಎರವಾಯಿತು.

ಈ ಸಂಕಟಕ್ಕೆ ಪರಿಹಾರ ದೊರೆತದ್ದು ಫ್ರಾನ್ಸ್ ದೇಶದಲ್ಲಿ. ಎಡ್ವಾರ್ ಬೆನೆಡಿಕ್ಟಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ 1903ರಲ್ಲಿ ಗಾಜಿನ ಕುಪ್ಪಿಯೊಂದು ಎತ್ತರದಿಂದ ಕೆಳಗೆ ಬಿದ್ದಿತಂತೆ. ಅದು ಒಡೆಯಿತು, ಆದರೆ ಚೂರುಗಳು ಚದುರಲಿಲ್ಲ. ಕುಪ್ಪಿಯಲ್ಲಿ ಹಿಂದೆ ಇಟ್ಟಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣವು ಆವಿಯಾಗಿ, ಒಳಮೈಗೆ ಅಂಟಿಕೊಂಡಿದ್ದ ತೆಳುವಾದ ಪೊರೆಯು ಆ ಚೂರುಗಳನ್ನು ಹಿಡಿದಿಟ್ಟಿತ್ತು. ಮೋಟಾರು ಅಪಘಾತಗಳಲ್ಲಿ ಗಾಜಿನಿಂದ ಗಾಯಗೊಂಡವರ ಸುದ್ದಿಯನ್ನು ಕೇಳಿದಾಗ ಬೆನೆಡಿಕ್ಟಸ್ಸನಿಗೆ ಈ ಕುಪ್ಪಿಯ ನೆನಪಾಯಿತೆಂದು ಹೇಳುತ್ತಾರೆ. ಎರಡು ಗಾಜಿನ ಹಾಳೆಗಳ ನಡುವೆ ಸೆಲ್ಯುಲಾಯ್ಡಿನ ಪೊರೆಯನ್ನು ಇಟ್ಟು ಬೆಸೆಯುವ ವಿಧಾನಕ್ಕೆ ಅವನು 1909ರಲ್ಲಿ ಪೇಟೆಂಟ್ ಪಡೆದನು. ಇದೇ ಪದರಗಾಜು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲ ಮುಸುಕುಗಳ ಕಣ್ಣುಗಳಿಗೆ ಇಂಥ ಗಾಜು ಉಪಯೋಗಕ್ಕೆ ಬಂದಿತು. ಸೆಲ್ಯುಲಾಯ್ಡ್ ಕಾಲಕ್ರಮದಲ್ಲಿ ಹಳದಿಗಟ್ಟುತ್ತಿದ್ದುದರಿಂದ, 1930ರ ದಶಕದ ಕೊನೆಯ ವೇಳೆಗೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಹೆಚ್ಚು ಜಿಗುಟಾದ ಪ್ಲಾಸ್ಟಿಕ್ ಅದರ ಸ್ಥಾನವನ್ನು ಪಡೆಯಿತು. ಇಂದಿಗೂ ಸಾಮಾನ್ಯ ಕಾರಿನ ಮುಂಗಾಜಿನಲ್ಲಿ ಸುಮಾರು 2 ಮಿಲಿಮೀಟರ್ ದಪ್ಪದ ಎರಡು ಗಾಜಿನ ಹಾಳೆಗಳೂ ಅವುಗಳ ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪದ ಈ ಪ್ಲಾಸ್ಟಿಕ್ ಪದರವೂ ಇರುತ್ತವೆ.

ಕಾರಿನ ಪಕ್ಕದ ಕಿಟಕಿಗಳಲ್ಲಿ ಸಾಮಾನ್ಯವಾಗಿ ಇರುವುದು ಬೇರೊಂದು ಬಗೆಯ ಗಾಜು. ಅದನ್ನು ಚೆನ್ನಾಗಿ ಕಾಯಿಸಿ, ತಣ್ಣನೆಯ ಗಾಳಿಯನ್ನು ಊದಿ, ಒಮ್ಮೆಲೇ ಆರಿಸಿ ಹದಗೊಳಿಸಿರುತ್ತಾರೆ. ಅದು ಬಹಳ ಗಟ್ಟಿ. ಆದರೆ ಒಡೆದಾಗ ಇಡಿಯಾಗಿ ಸಣ್ಣ ಸಣ್ಣ ಹರಳುಗಳಾಗಿ ಉದುರುತ್ತದೆ. ಮುಂಗಾಜು ಹೀಗೆ ಒಡೆದರೆ ಚಾಲಕನಿಗೆ ಕ್ಷಣಮಾತ್ರದಲ್ಲಿ ರಸ್ತೆಯೇ ಕಾಣದಂತಾಗುತ್ತದೆ. ಪದರಗಾಜಾದರೋ ಬಿರುಕು ಬಿಟ್ಟರೂ ತನ್ನ ಸ್ಥಾನವನ್ನು ಬಿಡುವುದಿಲ್ಲ. ಆದುದರಿಂದಲೇ ಮುಂಗಾಜಿಗೆ ಪದರಗಾಜೇ ತಕ್ಕದ್ದೆಂದು ಹಲವು ದೇಶಗಳ ಕಾನೂನುಗಳು ಹೇಳುತ್ತವೆ. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಇದನ್ನೇ ವಿಧಿಸಿವೆ. ಮುಂಗಾಜಿನ ಮೂಲಕ ನೂರಕ್ಕೆ 70ಕ್ಕಿಂತ ಕಡಿಮೆಯಾಗದಷ್ಟು ಬೆಳಕು ಹಾಯಬೇಕೆಂಬುದೂ ಆ ನಿಯಮಗಳ ಕಟ್ಟಳೆ.

ಇನ್ನು ಕಲ್ಲಿನ ಪೆಟ್ಟನ್ನು ಕುರಿತು ಯೋಚಿಸೋಣ. ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದನ್ನು ನೀವು ಭೌತವಿಜ್ಞಾನದಲ್ಲಿ ಓದಿದ್ದೀರಿ. ಐದು ಗ್ರಾಂ ತೂಕದ ಕಲ್ಲು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಜಿಗೆ ತಗುಲಿದರೆ ಅದರ ಶಕ್ತಿ ಸುಮಾರು ಅರ್ಧ ಜೂಲ್. ಅದೇ ಕಲ್ಲು 150 ಕಿಲೋಮೀಟರ್ ವೇಗದಲ್ಲಿ ತಗುಲಿದರೆ ಶಕ್ತಿ ನಾಲ್ಕು ಜೂಲ್‌ಗಳನ್ನು ಮೀರುತ್ತದೆ. ವೇಗ ಮೂರು ಪಟ್ಟಾದರೆ ಪೆಟ್ಟು ಒಂಬತ್ತು ಪಟ್ಟಾಗುತ್ತದೆ. ವೇಗದ ಕಾರಿನ ಮುಂಗಾಜು ಹೆಚ್ಚು ಗಾಯಗೊಳ್ಳುವುದೇಕೆಂಬುದು ಇದರಿಂದ ತಿಳಿಯುತ್ತದೆ. ಗುಂಡಾದ ವಸ್ತುವೊಂದು ಗಾಜನ್ನು ಬಲವಾಗಿ ಒತ್ತಿದಾಗ ಒಳಗೆ ಶಂಕುವಿನ ಆಕಾರದ ಬಿರುಕು ಹರಡುವುದನ್ನು ಜರ್ಮನಿಯ ವಿಜ್ಞಾನಿ ಹೈನ್‌ರಿಕ್ ಹರ್ಟ್ಸ್ 1880ರ ದಶಕದಲ್ಲಿಯೇ ಕಂಡಿದ್ದನು. ಮುಂಗಾಜಿನ ಮೇಲೆ ದುಂಡಗಿನ ಕಲೆಯಂತೆ ಕಾಣುವ ಗಾಯ ಇಂಥದೇ. ಕಲ್ಲಿನ ಮೊನೆ ಚೂಪಾಗಿದ್ದರೆ ಸುತ್ತಲೂ ಕಾಲುಗಳು ಚಾಚಿಕೊಂಡ ನಕ್ಷತ್ರದಂಥ ಗಾಯ ಮೂಡುತ್ತದೆ.

ಇಷ್ಟು ಚಿಕ್ಕ ಗಾಯದಿಂದ ಅಷ್ಟು ದೊಡ್ಡ ಗಾಜಿಗೆ ಕೇಡೇನು? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ವಿಜ್ಞಾನಿಗಳಿಗೆ ಬಹುಕಾಲ ಹಿಡಿಯಿತು. ಇಂಗ್ಲೆಂಡಿನ ಸಿ. ಇ. ಇಂಗ್ಲಿಸ್ ಎಂಬ ಎಂಜಿನಿಯರು 1913ರಲ್ಲಿ ಒಂದು ಗಣಿತವನ್ನು ಮಂಡಿಸಿದರು. ಎಳೆತಕ್ಕೆ ಒಳಗಾದ ಹಾಳೆಯಲ್ಲಿ ದುಂಡಗಿನ ರಂಧ್ರವಿದ್ದರೆ ಅದರ ಅಂಚಿನಲ್ಲಿ ಎಳೆತವು ಮೂರು ಪಟ್ಟಾಗುತ್ತದೆ. ಎಳೆತಕ್ಕೆ ಅಡ್ಡವಾಗಿ, ಅಗಲಕ್ಕಿಂತ ಹತ್ತು ಪಟ್ಟು ಉದ್ದವಾದ ಅಂಡಾಕಾರದ ರಂಧ್ರವಿದ್ದರೆ ಅದರ ತುದಿಯಲ್ಲಿ ಎಳೆತವು 21 ಪಟ್ಟಾಗುತ್ತದೆ. ಬಿರುಕಿನ ತುದಿ ಕೂದಲಿಗಿಂತಲೂ ತೆಳುವಾದುದು. ಅಲ್ಲಿ ಸೇರುವ ಎಳೆತ ಎಷ್ಟಿರಬಹುದೆಂಬುದನ್ನು ನೀವೇ ಊಹಿಸಬಹುದು. ಇದೇ ದಾರಿಯಲ್ಲಿ ಮುಂದುವರಿದ ಎ. ಎ. ಗ್ರಿಫಿತ್ ಅವರು ಗಾಜಿನ ಎಳೆಗಳನ್ನು ತಯಾರಿಸಿ ಪರೀಕ್ಷಿಸಿ, 1921ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಎಳೆ ಸಣ್ಣದಾದಷ್ಟೂ ಗಾಜು ಹೆಚ್ಚು ಬಲಶಾಲಿಯಾಗುತ್ತಿತ್ತು. ಏಕೆಂದರೆ ಸಣ್ಣ ಎಳೆಯಲ್ಲಿ ದೊಡ್ಡ ದೋಷಗಳಿಗೆ ಎಡೆಯಿರಲಿಲ್ಲ. ಹುಟ್ಟಿನಿಂದ ಗಾಜು ದುರ್ಬಲವಲ್ಲ. ಅದರ ಮೈಮೇಲಿನ ಗೀರುಗಳು ಅದನ್ನು ದುರ್ಬಲಗೊಳಿಸುತ್ತವೆ. ಬಿರುಕು ಒಂದು ಮಿತಿಯೊಳಗಿರುವವರೆಗೆ ಸುಮ್ಮನಿರುತ್ತದೆ. ಆ ಮಿತಿಯನ್ನು ದಾಟಿದೊಡನೆ ತಾನಾಗಿಯೇ ಓಡತೊಡಗುತ್ತದೆ.

ಬಿರುಕನ್ನು ಆ ಮಿತಿಯತ್ತ ನೂಕುವ ಶಕ್ತಿಗಳು ಹಲವು. ಬಿಸಿಲಿನಲ್ಲಿ ನಿಂತ ಕಾರಿನ ಗಾಜು ಕಾದು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಗಾಜು 40 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಹೀಗೆ ಕಾದ ಗಾಜಿನ ಒಳಮೈಗೆ ಒಮ್ಮೆಲೇ ತಂಪಾದ ಗಾಳಿಯನ್ನು ಬಿಟ್ಟರೆ ಒಂದು ಮೈ ಕುಗ್ಗುತ್ತದೆ, ಇನ್ನೊಂದು ಹಿಗ್ಗಿಯೇ ಇರುತ್ತದೆ. ಈ ಎಳೆದಾಟವೆಲ್ಲ ಬಿರುಕಿನ ತುದಿಯಲ್ಲಿ ಬಂದು ಸೇರುತ್ತದೆ. ರಸ್ತೆಯ ಹಳ್ಳದಿಣ್ಣೆಗಳ ಕುಲುಕಾಟವೂ ಇದಕ್ಕೆ ಜೊತೆಗೂಡುತ್ತದೆ. ಸ್ಪೋರ್ಟ್ಸ್ ಕಾರಿನ ಬಿಗಿಯಾದ ಸ್ಪ್ರಿಂಗುಗಳು ಆ ಕುಲುಕಾಟವನ್ನು ಹೆಚ್ಚಾಗಿಯೇ ಒಡಲಿಗೆ ತಲುಪಿಸುತ್ತವೆ. ನೀರು ಕೂಡ ಗಾಜಿಗೆ ಹಗೆಯಾಗಬಲ್ಲುದು. ಬಿರುಕಿನ ತುದಿಯನ್ನು ಸೇರಿದ ತೇವವು ಸಿಲಿಕಾನ್ ಮತ್ತು ಆಕ್ಸಿಜನ್ ಪರಮಾಣುಗಳ ಬಂಧವನ್ನು ಮೆಲ್ಲಮೆಲ್ಲನೆ ಬಿಡಿಸುತ್ತದೆ. ಕೆಲವು ವಾರ ತೆಪ್ಪಗಿದ್ದ ಗಾಯವು ಒಂದು ಬೆಳಗ್ಗೆ ಗಾಜಿನ ಈ ತುದಿಯಿಂದ ಆ ತುದಿಗೆ ಹರಿದುಬಿಡುವುದಕ್ಕೆ ಇವೇ ಕಾರಣಗಳು.

ಹಾಗಾದರೆ ಗಾಯವನ್ನು ಸರಿಪಡಿಸುವ ಬಗೆ ಹೇಗೆ? ಈ ವಿದ್ಯೆ 1970ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಕುಶಲಿಯಾದ ಕೆಲಸಗಾರನು ಮೊದಲು ಗಾಯದೊಳಗಿನ ಸಡಿಲವಾದ ಗಾಜಿನ ಪುಡಿಯನ್ನೂ ಧೂಳನ್ನೂ ತೆಗೆದು ಅದನ್ನು ಒಣಗಿಸುತ್ತಾನೆ. ಅನಂತರ ರಬ್ಬರಿನ ಬಟ್ಟಲುಗಳಿಂದ ಗಾಜಿಗೆ ಕಚ್ಚಿಕೊಳ್ಳುವ ಪುಟ್ಟ ಉಪಕರಣವೊಂದನ್ನು ಗಾಯದ ಮೇಲೆ ನಿಲ್ಲಿಸುತ್ತಾನೆ. ಅದು ಬಿರುಕಿನೊಳಗಿನ ಗಾಳಿಯನ್ನು ಹೀರಿ ಹೊರತೆಗೆಯುತ್ತದೆ. ಆ ಬಳಿಕ ನೀರಿನಂತೆ ತೆಳುವಾದ ರಾಳವನ್ನು ಒತ್ತಡದಿಂದ ಒಳಕ್ಕೆ ನೂಕುತ್ತದೆ. ಬಿರುಕಿನ ತುದಿಯವರೆಗೂ ರಾಳ ಹರಿದ ಮೇಲೆ ಅದರ ಮೇಲೆ ಅತಿನೇರಳೆ ಕಿರಣಗಳನ್ನು ಹಾಯಿಸಿದರೆ ಕೆಲವೇ ನಿಮಿಷಗಳಲ್ಲಿ ರಾಳ ಗಟ್ಟಿಯಾಗುತ್ತದೆ. ಮೇಲೆ ಉಳಿದ ರಾಳವನ್ನು ಅಲಗಿನಿಂದ ಹೆರೆದು ಹೊಳಪು ಕೊಟ್ಟರೆ ಕೆಲಸ ಮುಗಿಯಿತು. ಬೇರ್ಪಟ್ಟಿದ್ದ ಎರಡು ಮೈಗಳು ಈಗ ಮತ್ತೆ ಒಂದಾದುದರಿಂದ ಎಳೆತವು ಬಿರುಕಿನ ತುದಿಯಲ್ಲಿ ಗುಡ್ಡೆಯಾಗದೆ ರಾಳದ ಮೂಲಕ ದಾಟಿ ಹೋಗುತ್ತದೆ.

ಗಾಯವು ಕಣ್ಣಿಗೆ ಮರೆಯಾಗುವುದಕ್ಕೂ ಕಾರಣವುಂಟು. ಗಾಜಿನ ವಕ್ರೀಭವನಾಂಕ ಸುಮಾರು 1.5; ಗಾಳಿಯದು ಸುಮಾರು 1. ಬಿರುಕಿನೊಳಗೆ ಗಾಳಿ ತುಂಬಿರುವಾಗ ಬೆಳಕು ಅಲ್ಲಿ ಬಾಗಿ ಪ್ರತಿಫಲಿಸಿ ಚದುರುತ್ತದೆ. ಆದುದರಿಂದ ಬಿರುಕು ಬೆಳ್ಳಗೆ ಮಿನುಗುತ್ತದೆ. ರಾಳದ ವಕ್ರೀಭವನಾಂಕವು ಗಾಜಿನದಕ್ಕೆ ಸಮೀಪವಾಗಿರುವುದರಿಂದ ಬೆಳಕು ಹೆಚ್ಚು ತೊಡಕಿಲ್ಲದೆ ಹಾದುಹೋಗುತ್ತದೆ. ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜಿನ ಕಡ್ಡಿಯೊಂದನ್ನು ಗ್ಲಿಸರಿನ್ನಿನಲ್ಲಿ ಮುಳುಗಿಸಿ ನೋಡಿ; ಮುಳುಗಿದ ಭಾಗ ಬಹುಮಟ್ಟಿಗೆ ಕಣ್ಮರೆಯಾಗುತ್ತದೆ. ಇದರ ಹಿಂದಿರುವ ತತ್ತ್ವವೂ ಅದೇ. ಆದರೂ ಸರಿಪಡಿಸಿದ ಜಾಗದಲ್ಲಿ ಒಂದು ಮಸುಕಾದ ಗುರುತು ಉಳಿಯುವುದು ಸಹಜ.

ಆ ಮಸುಕಾದ ಗುರುತೇ ಈ ವಿದ್ಯೆಯ ಮಿತಿಯನ್ನು ನಮಗೆ ತೋರಿಸಿಕೊಡುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ದಾಟುತ್ತದೆ. ಸಂಜೆಯ ಸೂರ್ಯ ಎದುರಿಗಿರುವಾಗ, ಅಥವಾ ಇರುಳಿನಲ್ಲಿ ಎದುರು ವಾಹನದ ದೀಪ ಬೆಳಗುವಾಗ, ಕಣ್ಣಿನ ನೇರಕ್ಕಿರುವ ಚಿಕ್ಕ ಕಲೆಯೂ ಉರಿಯುವ ಚುಕ್ಕಿಯಂತಾಗುತ್ತದೆ. ಆ ಒಂದು ಸೆಕೆಂಡಿನಲ್ಲಿ ರಸ್ತೆ ದಾಟುತ್ತಿರುವ ಮಗುವೊಂದು ಚಾಲಕನಿಗೆ ಕಾಣದೆ ಹೋಗಬಹುದು. ಆದುದರಿಂದ ಬ್ರಿಟನ್ನಿನ ವಾಹನ ತಪಾಸಣೆಯಲ್ಲಿ ಗಾಯದ ಸ್ಥಳಕ್ಕೆ ಬಹಳ ಬೆಲೆ ಕೊಡುತ್ತಾರೆ. ಚಾಲನಚಕ್ರದ ನೇರಕ್ಕೆ ಗಾಜಿನ ಮೇಲೆ 290 ಮಿಲಿಮೀಟರ್ ಅಗಲದ ಪಟ್ಟಿಯೊಂದನ್ನು ಗೊತ್ತುಮಾಡಿದ್ದಾರೆ. ಅದರೊಳಗೆ 10 ಮಿಲಿಮೀಟರಿಗಿಂತ ದೊಡ್ಡ ಗಾಯವಿರಕೂಡದು. ವೈಪರ್ ಒರಸುವ ಉಳಿದ ಭಾಗದಲ್ಲಿ 40 ಮಿಲಿಮೀಟರಿಗಿಂತ ದೊಡ್ಡದಿರಕೂಡದು. ಬಿರುಕು ಉದ್ದವಾಗಿ ಹರಿದಿದ್ದರೆ, ಗಾಜಿನ ಅಂಚನ್ನು ಮುಟ್ಟಿದ್ದರೆ, ನಡುವಣ ಪದರಕ್ಕೋ ಒಳಗಿನ ಹಾಳೆಗೋ ಪೆಟ್ಟು ಬಿದ್ದಿದ್ದರೆ, ಚಾಲಕನ ಕಣ್ಣಿನ ನೇರಕ್ಕೇ ಎದ್ದು ಕಾಣುವಂತಿದ್ದರೆ ಗಾಜನ್ನು ಬದಲಾಯಿಸುವುದೇ ವಿವೇಕ.

ಬದಲಾಯಿಸುವ ಕೆಲಸವೂ ಹಗುರವಾದುದಲ್ಲ. ಇಂದಿನ ಕಾರುಗಳಲ್ಲಿ ಮುಂಗಾಜನ್ನು ಪಾಲಿಯುರಿಥೇನ್ ಎಂಬ ಅಂಟಿನಿಂದ ಒಡಲಿಗೆ ಬೆಸೆದಿರುತ್ತಾರೆ. ಹಳೆಯ ಅಂಟನ್ನು ತಂತಿಯಿಂದಲೋ ಅಲಗಿನಿಂದಲೋ ಕೊಯ್ದು ಗಾಜನ್ನು ತೆಗೆದು, ಚೌಕಟ್ಟನ್ನು ಶುಚಿಗೊಳಿಸಿ, ಹೊಸ ಅಂಟನ್ನು ಕಡಿಯದ ಎಳೆಯಾಗಿ ಸುತ್ತಲೂ ಹಾಕಿ, ಹೊಸ ಗಾಜನ್ನು ಕೂರಿಸಬೇಕು. ಸಾಮಾನ್ಯವಾಗಿ ಈ ಅಂಟು ಗಾಳಿಯ ತೇವವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಅಂಟಿನ ತಯಾರಕರು ಹೇಳಿದಷ್ಟು ಹೊತ್ತು ಕಾಯದೆ ಕಾರನ್ನು ಓಡಿಸಬಾರದು. ಮುಂಗಾಜು ಛಾವಣಿಯ ಬಿಗುವಿಗೆ ನೆರವಾಗುತ್ತದೆ. ಅಪಘಾತದಲ್ಲಿ ಉಬ್ಬುವ ಗಾಳಿಚೀಲವು ಪಕ್ಕದ ಪ್ರಯಾಣಿಕನನ್ನು ಕಾಪಾಡುವಾಗ ಅನೇಕ ಕಾರುಗಳಲ್ಲಿ ಈ ಗಾಜನ್ನೇ ಒರಗಿ ನಿಲ್ಲುತ್ತದೆ. ಗಾಜು ಸಡಿಲವಾಗಿದ್ದರೆ ಆ ಚೀಲವು ತನ್ನ ಕೆಲಸವನ್ನು ಮಾಡಲಾರದು. ಗಾಜಿನ ಹಿಂದೆ ರಸ್ತೆಯನ್ನು ಗಮನಿಸುವ ಕ್ಯಾಮೆರಾ ಇರುವ ಕಾರುಗಳಲ್ಲಿ, ಗಾಜು ಬದಲಾದ ಮೇಲೆ ಆ ಕ್ಯಾಮೆರಾದ ನೋಟವನ್ನೂ ಮತ್ತೆ ಸರಿಹೊಂದಿಸಬೇಕು.

ಸ್ಪೋರ್ಟ್ಸ್ ಕಾರಿನಲ್ಲಿ ಈ ಕೆಲಸ ಮತ್ತಷ್ಟು ನಾಜೂಕಾದುದು. ಅದರ ಗಾಜಿನ ಬಾಗು ಆ ಕಾರಿಗೇ ಮೀಸಲಾದುದು. ಒಂದು ಕಾರಿನದು ಮತ್ತೊಂದಕ್ಕೆ ಒಪ್ಪುವುದಿಲ್ಲ. ತೂಕ ಇಳಿಸುವ ಹಂಬಲದಿಂದ ಕೆಲವು ತಯಾರಕರು ಹೊಸ ಬಗೆಯ ಗಾಜನ್ನೂ ಬಳಸಿದ್ದಾರೆ. 2017ರ ಮಾದರಿಯ ಫೋರ್ಡ್ ಜಿ.ಟಿ. ಕಾರಿನ ಮುಂಗಾಜಿನಲ್ಲಿ ಹೊರಗಿನದು ಸಾಮಾನ್ಯ ಗಾಜು; ಒಳಗಿನದು ಮೊಬೈಲ್ ಫೋನುಗಳಿಂದ ಹೆಸರಾದ ಗೊರಿಲ್ಲಾ ಗಾಜು. ಈ ಒಳಹಾಳೆಯ ಮೇಲ್ಮೈಯಲ್ಲಿರುವ ಸೋಡಿಯಮ್ ಅಯಾನುಗಳ ಸ್ಥಾನದಲ್ಲಿ ಅವಕ್ಕಿಂತ ದೊಡ್ಡದಾದ ಪೊಟ್ಯಾಸಿಯಮ್ ಅಯಾನುಗಳನ್ನು ತುರುಕಿ ಅದನ್ನು ಬಲಪಡಿಸುತ್ತಾರೆ. ಹಳೆಯ ಬಗೆಯ ಪದರಗಾಜಿಗಿಂತ ಅದು ನೂರಕ್ಕೆ ಸುಮಾರು 30ರಷ್ಟು ಹಗುರ. ಇಂಥ ಗಾಜು ಸುಲಭವಾಗಿ ದೊರೆಯುವಂಥದಲ್ಲ, ದೊರೆತರೂ ಅಗ್ಗದ್ದಲ್ಲ. ಆದುದರಿಂದ ಬಿರುಕು ಬಿಟ್ಟ ಗಾಜಿನಲ್ಲಿಯೇ ದಿನ ನೂಕುವ ಆಸೆ ಒಡೆಯನಿಗೆ ಹುಟ್ಟುತ್ತದೆ. ಇದಕ್ಕೆ ವಿರುದ್ಧವಾಗಿ, ಕಾರಿನ ಅಂದಕ್ಕೆ ಕುಂದು ಬಂದಿತೆಂದು ರಾಳದಿಂದ ವಾಸಿಯಾಗಬಹುದಾದ ಗಾಯಕ್ಕಾಗಿ ಇಡೀ ಗಾಜನ್ನು ಕಿತ್ತುಹಾಕಿಸುವವರೂ ಇದ್ದಾರೆ. ಕಾರ್ಖಾನೆಯಲ್ಲಿ ಹಾಕಿದ ಒಳ್ಳೆಯ ಬೆಸುಗೆಯನ್ನು ಅನಾವಶ್ಯಕವಾಗಿ ಕೊಯ್ಯುವುದು ಜಾಣತನವಲ್ಲ. ಅಂದವೂ ಬೆಲೆಯೂ ಈ ತೀರ್ಮಾನಕ್ಕೆ ಅಳತೆಗೋಲುಗಳಾಗಬಾರದು. ಗಾಯದ ಗಾತ್ರ, ಆಳ ಮತ್ತು ಸ್ಥಳ ಇವೇ ನಿಜವಾದ ಅಳತೆಗೋಲುಗಳು.

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ನಮ್ಮಲ್ಲಿದೆ. ಕಲ್ಲು ತಗುಲಿದ ದಿನವೇ ಗಾಯಕ್ಕೆ ಒಂದು ತುಂಡು ಪಾರದರ್ಶಕ ಅಂಟುಪಟ್ಟಿಯನ್ನು ಹಚ್ಚಿ, ನೀರೂ ಧೂಳೂ ಒಳಸೇರದಂತೆ ನೋಡಿಕೊಂಡು, ಬೇಗನೆ ಕುಶಲಿಯ ಬಳಿಗೆ ಒಯ್ದರೆ ಒಂದು ಹನಿ ರಾಳದಿಂದ ಮುಗಿಯುವ ಕೆಲಸವದು. ಅಲಕ್ಷ್ಯ ಮಾಡಿದರೆ ಇಡೀ ಗಾಜೇ ಹೋಗುತ್ತದೆ. ಕೆಲವೊಮ್ಮೆ ಅದಕ್ಕಿಂತ ದೊಡ್ಡದನ್ನೂ ತೆರಬೇಕಾಗುತ್ತದೆ. ಸಾಲುದೀಪಗಳ ಹೆದ್ದಾರಿಯಲ್ಲಿ ಓಡುವ ಬೆಲೆಬಾಳುವ ಕಾರಿಗೂ ಹಳ್ಳಿಯ ದಾರಿಯಲ್ಲಿ ಸಾಗುವ ಹಳೆಯ ಬಸ್ಸಿಗೂ ಗಾಜಿನ ನಿಯಮ ಒಂದೇ. ಸ್ವಚ್ಛವಾದ, ಗಟ್ಟಿಯಾದ ಮುಂಗಾಜಿನ ಆವಶ್ಯಕತೆ ಚಾಲಕನೊಬ್ಬನದೇ ಅಲ್ಲ. ಅವನೊಡನೆ ಕುಳಿತವರದು, ಎದುರಿನಿಂದ ಬರುವವರದು, ರಸ್ತೆಯ ಅಂಚಿನಲ್ಲಿ ನಡೆದುಹೋಗುವವರದೂ ಹೌದು.