ಮಾಹೊ ಕಡಲತೀರದಲ್ಲಿ ವಿಮಾನ ಅಷ್ಟು ಕೆಳಗೇಕೆ?

ಪ್ರಶ್ನೆ: ಕೆರಿಬಿಯನ್‌ನ ಸೇಂಟ್ ಮಾರ್ಟನ್ ದ್ವೀಪದ ಮಾಹೊ ಕಡಲತೀರದಲ್ಲಿ ವಿಮಾನಗಳು ಪ್ರವಾಸಿಗರ ತಲೆಯ ಮೇಲೆಯೇ ಹಾರಿ ಇಳಿಯುತ್ತವೆ. ಇದು ಪೈಲಟ್‌ಗಳ ಸಾಹಸವೇ?

ಉತ್ತರ: ಅಲ್ಲ. ಬಹುತೇಕ ವಿಮಾನ ನಿಲ್ದಾಣಗಳಂತೆ ಇಲ್ಲಿಯೂ ವಿಮಾನ ಸುಮಾರು 3 ಡಿಗ್ರಿ ಇಳಿಜಾರಿನಲ್ಲೇ ಬರುತ್ತದೆ. ಅಂದರೆ ಒಂದು ಕಿಲೋಮೀಟರ್ ಮುಂದೆ ಸಾಗುವಷ್ಟರಲ್ಲಿ 52 ಮೀಟರ್ ಕೆಳಗಿಳಿಯುತ್ತದೆ. ರನ್‌ವೇಯ ಅಂಚನ್ನು ದಾಟುವಾಗ ದೊಡ್ಡ ಜೆಟ್ ವಿಮಾನ ನೆಲದಿಂದ ಸುಮಾರು 15 ಮೀಟರ್ ಎತ್ತರದಲ್ಲಿರುವುದು ಎಲ್ಲೆಡೆ ವಾಡಿಕೆ. ಬೇರೆ ಕಡೆ ಸಾಮಾನ್ಯವಾಗಿ ಆ ಅಂಚಿನ ಮುಂದೆ ಬೇಲಿ ಹಾಕಿದ ಖಾಲಿ ಜಾಗವಿರುತ್ತದೆ, ನೋಡಲು ಜನರಿರುವುದಿಲ್ಲ. ಈ ದ್ವೀಪದ ಪ್ರಿನ್ಸೆಸ್ ಜೂಲಿಯಾನಾ ವಿಮಾನ ನಿಲ್ದಾಣದಲ್ಲಿ ಅಂಚಿಗೂ ಕಡಲತೀರದ ಮರಳಿಗೂ ನಡುವೆ ಇರುವುದು ಒಂದು ಬೇಲಿ ಮತ್ತು ಒಂದು ಸಣ್ಣ ರಸ್ತೆ ಮಾತ್ರ.

ಇನ್ನಷ್ಟು ಮುಂದೆ ಹೋಗಿ ನೆಲ ಮುಟ್ಟಬಾರದೇ ಎಂದು ಕೇಳಬಹುದು. ರನ್‌ವೇ ಇರುವುದೇ ಸುಮಾರು 2,300 ಮೀಟರ್. ಯುರೋಪಿನಿಂದ ಬರುವ ಭಾರಿ ವಿಮಾನಕ್ಕೆ ಅದರಲ್ಲಿ ಪೋಲು ಮಾಡುವಷ್ಟು ಉದ್ದವಿಲ್ಲ. ಕಡಲ ಕಡೆಯ ಬದಲು ಎದುರು ದಿಕ್ಕಿನಿಂದ, ಅಂದರೆ ಪೂರ್ವದಿಂದ, ಇಳಿಯಬಹುದಲ್ಲ ಎಂದರೆ, ಅಲ್ಲಿ ಗುಡ್ಡಗಳಿವೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ವರ್ಷದ ಹೆಚ್ಚಿನ ಕಾಲ ಗಾಳಿ ಬೀಸುವುದು ಪೂರ್ವದಿಂದ. ಎದುರುಗಾಳಿಯಲ್ಲಿ ಇಳಿದರೆ ನೆಲದ ಮೇಲಿನ ವೇಗ ತಗ್ಗುತ್ತದೆ, ಕಡಿಮೆ ದೂರದಲ್ಲಿ ನಿಲ್ಲಬಹುದು.

ಹಾಗಾದರೆ ಅಪಾಯವೇ ಇಲ್ಲವೇ? ಖಂಡಿತ ಇದೆ. ಆದರೆ ಅದು ಜನ ಕತ್ತೆತ್ತಿ ನೋಡುವ ಕಡೆಯಲ್ಲ. ಅದೇ ಗಾಳಿಯ ಕಾರಣಕ್ಕೆ ಏರುವ ವಿಮಾನವೂ ಕಡಲಿಗೆ ಬೆನ್ನು ಹಾಕಿ ನಿಂತು ಎಂಜಿನ್ ವೇಗ ಹೆಚ್ಚಿಸುತ್ತದೆ. ಆಗ ಹಿಂದಕ್ಕೆ ನುಗ್ಗುವ ಗಾಳಿ ಮನುಷ್ಯರನ್ನು ಎತ್ತಿ ಎಸೆಯಬಲ್ಲದು. 2017ರಲ್ಲಿ ಬೇಲಿಯ ಬಳಿಯಿದ್ದ ನ್ಯೂಜಿಲೆಂಡ್‌ನ ಪ್ರವಾಸಿಯೊಬ್ಬರು ಹೀಗೆಯೇ ಪ್ರಾಣ ಕಳೆದುಕೊಂಡರು. ಎಚ್ಚರಿಕೆಯ ಫಲಕಗಳು ಅಲ್ಲಿವೆ. ಟೇಕಾಫ್ ವೇಳೆ ಬೇಲಿ ಹಿಡಿದು ನಿಲ್ಲುವುದನ್ನು ಕಟ್ಟುನಿಟ್ಟಾಗಿ ತಡೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.