ಎದೆಗೂಡಿನ ಗಾಳಿ, ಹತ್ತಿಯ ಧೂಳು

ಉಸಿರೆಳೆದುಕೊಳ್ಳುವ ಸ್ನಾಯು ಶ್ವಾಸಕೋಶದಲ್ಲಿಲ್ಲ. ಆ ಕೆಲಸ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯದು, ಪಕ್ಕೆಲುಬುಗಳ ನಡುವಿನ ಸ್ನಾಯುಗಳದು. ವಪೆ ಬಿಗಿದು ಕೆಳಗಿಳಿದು, ಪಕ್ಕೆಲುಬುಗಳು ಮೇಲೆದ್ದಾಗ ಎದೆಗೂಡು ಹಿಗ್ಗುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಇಳಿದು ಗಾಳಿ ನುಗ್ಗುತ್ತದೆ. ಸ್ನಾಯು ಸಡಿಲಿಸಿದೊಡನೆ ಶ್ವಾಸಕೋಶ ತನ್ನ ಸ್ಥಿತಿಸ್ಥಾಪಕತೆಯಿಂದಲೇ ಕುಗ್ಗಿ ಗಾಳಿ ಹೊರಬೀಳುತ್ತದೆ.

ಸುಮ್ಮನೆ ಕುಳಿತ ವಯಸ್ಕರ ಒಂದು ಉಸಿರಿನಲ್ಲಿ ಸುಮಾರು 500 ಮಿಲಿಲೀಟರ್ ಗಾಳಿ ಓಡಾಡುತ್ತದೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಶ್ವಾಸನಾಳಗಳಲ್ಲೇ ಉಳಿದು ರಕ್ತಕ್ಕೆ ಉಪಯೋಗವಾಗದು. ಬಲವಾಗಿ ಎಳೆದುಕೊಂಡರೆ ಇನ್ನೂ 3 ಲೀಟರಿನಷ್ಟು ಹಿಡಿಯುತ್ತದೆ. ಒತ್ತಿ ಬಿಟ್ಟರೆ ಮತ್ತೆ ಒಂದು ಲೀಟರಿಗೆ ಮೀರಿ ಹೊರಬರುತ್ತದೆ. ಈ ಮೂರನ್ನೂ ಕೂಡಿದ್ದು ವೈಟಲ್ ಕೆಪಾಸಿಟಿ. ಎಷ್ಟೇ ಒತ್ತಿದರೂ ಸುಮಾರು 1.2 ಲೀಟರ್ ಒಳಗೇ ಉಳಿಯುತ್ತದೆ. ಎತ್ತರ, ವಯಸ್ಸು, ಲಿಂಗಗಳಿಗೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ. ಇವನ್ನು ಅಳೆಯಲು ಸ್ಪೈರೋಮೀಟರ್ ಬಳಸಿ, ಸಾವಿರಾರು ಜನರ ಅಳತೆಗಳನ್ನು 1846ರಲ್ಲಿ ಪ್ರಕಟಿಸಿದವರು ಬ್ರಿಟಿಷ್ ವೈದ್ಯ ಜಾನ್ ಹಚಿನ್ಸನ್. ಒಳಗೇ ಉಳಿಯುವ ಗಾಳಿ ಮಾತ್ರ ಈ ಯಂತ್ರಕ್ಕೆ ಸಿಗುವುದಿಲ್ಲ.

ಗಾಳಿಯ ಪ್ರಮಾಣದಷ್ಟೇ ಅದರ ವೇಗವೂ ಮುಖ್ಯ. ಆರೋಗ್ಯವಂತರು ಜೋರಾಗಿ ಊದಿದಾಗ ಒಟ್ಟು ಗಾಳಿಯ ಮುಕ್ಕಾಲು ಪಾಲು ಮೊದಲ ಸೆಕೆಂಡಿನಲ್ಲೇ ಹೊರಬೀಳುತ್ತದೆ. ಶ್ವಾಸನಾಳ ಕಿರಿದಾದವರಲ್ಲಿ ಈ ಪಾಲು ಇಳಿಯುತ್ತದೆ. ಗಾಳಿ ಒಳಗೇ ಸಿಕ್ಕಿಕೊಂಡು ಉಳಿಕೆ ಹೆಚ್ಚುತ್ತದೆ.

ಕರ್ನೂಲು ಜಿಲ್ಲೆಯ ಪಶ್ಚಿಮದಲ್ಲಿರುವ, ಹತ್ತಿ ವ್ಯಾಪಾರಕ್ಕೆ ಹೆಸರಾದ ಆದವಾನಿಗೆ ಈ ಅಳತೆ ಹತ್ತಿರದ ವಿಷಯ. ಜಿನ್ನಿಂಗ್ ಮಿಲ್ಲುಗಳಲ್ಲಿ ಬೀಜದಿಂದ ಅರಳೆ ಬಿಡಿಸುವಾಗ ಒಣಗಿದ ಎಲೆ, ಕಾಯಿಸಿಪ್ಪೆಯ ಚೂರು, ಬ್ಯಾಕ್ಟೀರಿಯಾಗಳ ವಿಷಾಂಶ ಬೆರೆತ ಧೂಳು ಏಳುತ್ತದೆ. ಇಂಥ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗ ಬರಬಹುದು. ನೂಲಿನ ಗಿರಣಿಗಳಲ್ಲಿ ಅದರ ಅಪಾಯ ಇನ್ನೂ ಹೆಚ್ಚು. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುವುದು ಅದರ ಗುರುತು. ಆ ದಿನ ಪಾಳಿ ಮುಗಿಯುವ ಹೊತ್ತಿಗೆ ಮೊದಲ ಸೆಕೆಂಡಿನ ಗಾಳಿ ಕಡಿಮೆಯಾಗಿರುತ್ತದೆ. ಆರಂಭದಲ್ಲಿ ಧೂಳಿನಿಂದ ದೂರವಾದರೆ ಇದು ಸರಿಹೋಗುತ್ತದೆ. ವರ್ಷಗಳು ಕಳೆದರೆ ನಷ್ಟ ಶಾಶ್ವತವಾಗಬಹುದು. ಬೀಡಿ, ಸಿಗರೇಟು ಅದನ್ನು ಹೆಚ್ಚಿಸುತ್ತವೆ.

ಬಿಸಿನೋಸಿಸ್ ಅಧಿಕಾರಿಗಳಿಗೆ ವರದಿ ಮಾಡಲೇಬೇಕಾದ ರೋಗವೆಂದು 1948ರ ಕಾರ್ಖಾನೆ ಕಾಯ್ದೆ ಪಟ್ಟಿ ಮಾಡಿತ್ತು. ಧೂಳನ್ನು ಎದ್ದಲ್ಲೇ ಹೀರುವ ಯಂತ್ರ, ಕೆಲಸಕ್ಕೆ ಸೇರುವಾಗೊಮ್ಮೆ ಮತ್ತು ಆಮೇಲೆ ಕಾಲಕಾಲಕ್ಕೆ ಸ್ಪೈರೋಮೀಟರ್ ಪರೀಕ್ಷೆ, ಇವೇ ಕಾರ್ಮಿಕರ ಶ್ವಾಸಕೋಶಕ್ಕೆ ನಿಜವಾದ ರಕ್ಷಣೆ.