ಹಿಡಿದ ಮೈ ಬಿಡುವ ಬಗೆ: ಸ್ನಾಯುಪೊರೆಯ ಮರ್ದನ

‘ಸೊಂಟ ಹಿಡಿದುಕೊಂಡಿದೆ’, ‘ಕತ್ತು ಹಿಡಿದಿದೆ’ ಎಂದು ನಾವು ಆಗಾಗ ಹೇಳುತ್ತೇವೆ. ಹಿಡಿದದ್ದು ಯಾವುದೆಂದು ಕೇಳಿದರೆ ಕೆಲವರು ವಾಯುವೆನ್ನುತ್ತಾರೆ, ಕೆಲವರು ನರವೆನ್ನುತ್ತಾರೆ. ಕ್ಷ-ಕಿರಣದ ಚಿತ್ರದಲ್ಲಿ ಎಲುಬುಗಳು ಸರಿಯಾಗಿಯೇ ಕಾಣುತ್ತವೆ. ನೋವು ಮಾತ್ರ ಹೋಗುವುದಿಲ್ಲ. ತಲೆ ಬಾಚಿಕೊಳ್ಳಲು ಕೈ ಮೇಲೇಳದ ತಾಯಿ, ಕಳೆ ತೆಗೆಯಲು ಬಗ್ಗಿ ಮತ್ತೆ ನೆಟ್ಟಗಾಗಲು ಒದ್ದಾಡುವ ರೈತ, ಪೂಜೆಗೆ ನೆಲದ ಮೇಲೆ ಕೂರಲಾಗದ ಹಿರಿಯರು, ಇವರ ಸಂಕಟ ಕೇವಲ ನೋವಿನದಲ್ಲ. ತಮ್ಮ ಕೆಲಸ ತಮ್ಮ ಕೈತಪ್ಪಿ ಹೋಗುತ್ತಿದೆಯೆಂಬ ಸಂಕಟವೂ ಹೌದು. ಇಂತಹ ನೋವುಗಳಲ್ಲಿ ಕೆಲವಕ್ಕೆ ‘ಮಯೋಫ್ಯಾಸಿಯಲ್ ರಿಲೀಸ್’ ಎಂಬ ಮರ್ದನ ವಿಧಾನ ಉಪಶಮನ ನೀಡಬಲ್ಲದು. ಅದರ ಶಕ್ತಿಯನ್ನೂ ಮಿತಿಯನ್ನೂ ಅರಿತು ಬಳಸುವುದು ಒಳಿತು.

ಪೊರೆಯೆಂದರೇನು?

ಚಕ್ಕೋತದ ಹಣ್ಣನ್ನು ಸುಲಿದವರಿಗೆ ಈ ಪೊರೆಯ ಕಲ್ಪನೆ ಸುಲಭ. ಸಿಪ್ಪೆಯ ಕೆಳಗೆ ಬಿಳಿಯ ಹೊದಿಕೆ, ಪ್ರತಿ ತೊಳೆಗೂ ತೆಳುವಾದ ಪೊರೆ, ತೊಳೆಯೊಳಗಿನ ಒಂದೊಂದು ರಸದೆಳೆಗೂ ಮತ್ತೊಂದು ಪೊರೆ. ನಮ್ಮ ದೇಹದಲ್ಲಿಯೂ ಚರ್ಮದ ಕೆಳಗೆ, ಪ್ರತಿಯೊಂದು ಸ್ನಾಯುವಿನ ಸುತ್ತ, ಅದರೊಳಗಿನ ಎಳೆಗಳ ಸುತ್ತ, ಎಲುಬು, ನರ ಹಾಗೂ ರಕ್ತನಾಳಗಳ ಸುತ್ತ ಇಂತಹುದೇ ಜಾಲವೊಂದು ಅಡಿಯಿಂದ ಮುಡಿಯವರೆಗೆ ಹಬ್ಬಿದೆ. ಇದೇ ಫ್ಯಾಸಿಯಾ, ಅಂದರೆ ಸ್ನಾಯುಪೊರೆ. ಕೊಲಾಜೆನ್ ಎಂಬ ತಂತು ಇದಕ್ಕೆ ಬಲವನ್ನು, ಎಲಾಸ್ಟಿನ್ ಎಂಬ ತಂತು ಹಿಗ್ಗುವ ಗುಣವನ್ನು ಕೊಡುತ್ತದೆ. ಪದರಗಳು ಒಂದರ ಮೇಲೊಂದು ಸರಾಗವಾಗಿ ಜಾರಲು ಅವುಗಳ ನಡುವೆ ಹಯಲುರಾನಿಕ್ ಆಮ್ಲವಿರುತ್ತದೆ. ನೋವನ್ನು ಗ್ರಹಿಸುವ ನರತುದಿಗಳೂ ಇಲ್ಲಿ ಹೇರಳ.

ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ದುಡಿಯುವುದು, ಪೆಟ್ಟು, ಶಸ್ತ್ರಚಿಕಿತ್ಸೆ, ಬಹುದಿನ ಅಲುಗಾಡದೆ ಮಲಗಿರುವುದು, ಇವುಗಳಿಂದ ಪದರಗಳ ಜಾರುವಿಕೆ ಕುಂದಿ ಬಿಗುವು ತೋರಬಹುದು.

ನೋವು ಒಂದೆಡೆ, ಮೂಲ ಇನ್ನೊಂದೆಡೆ

ಸೀರೆಯ ಸೆರಗು ಬಾಗಿಲಿನ ಮೊಳೆಗೆ ಸಿಕ್ಕಿದರೆ ಜಗ್ಗಿದ್ದು ತಿಳಿಯುವುದು ಹೆಗಲಿನಲ್ಲಿ. ಸ್ನಾಯುಗಳ ನೋವೂ ಹೀಗೆ ದೂರದಲ್ಲಿ ಕಾಣಿಸಿಕೊಳ್ಳುವುದುಂಟು. ಹೆಗಲಿನ ಮೇಲ್ಭಾಗದ ಬಿಗಿಗಂಟು ಕತ್ತಿನ ಪಕ್ಕದಲ್ಲಿಯೂ ಕಣತಲೆಯಲ್ಲಿಯೂ ನೋವು ತರಬಹುದು. ಪೃಷ್ಠದ ಆಳದಲ್ಲಿರುವ ಗಂಟು ಕಾಲಿನುದ್ದಕ್ಕೂ ಸೆಳೆತ ಹುಟ್ಟಿಸಬಹುದು. ಈ ಗಂಟುಗಳ ನೆಲೆಯನ್ನೂ ಅವುಗಳ ನೋವು ಹರಡುವ ದಾರಿಯನ್ನೂ ಶ್ರಮವಹಿಸಿ ಗುರುತಿಸಿದವರಲ್ಲಿ ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ ಪ್ರಮುಖರು. ಬೆನ್ನುನೋವಿನಿಂದ ಬಳಲುತ್ತಿದ್ದ ಅಧ್ಯಕ್ಷ ಕೆನಡಿಯವರಿಗೆ ಚಿಕಿತ್ಸೆ ನೀಡಿದವರು ಇವರೇ. 1983ರಲ್ಲಿ ಡೇವಿಡ್ ಸೈಮನ್ಸ್ ಅವರೊಡನೆ ಇವರು ಪ್ರಕಟಿಸಿದ ಕೈಪಿಡಿ ಇಂದಿಗೂ ಬಳಕೆಯಲ್ಲಿದೆ.

ಕೈ ಮಾಡುವ ಕೆಲಸ

ನಮಗೆ ಪರಿಚಿತವಾದ ಅಭ್ಯಂಗದಲ್ಲಿ ಎಣ್ಣೆ ಹಚ್ಚಿ, ಕೈ ಜಾರುವಂತೆ ತಿಕ್ಕುತ್ತಾರೆ. ಇಲ್ಲಿ ಸಾಮಾನ್ಯವಾಗಿ ಎಣ್ಣೆ ಬಳಸುವುದಿಲ್ಲ. ಚರ್ಮವನ್ನು ಹಿಡಿದು ನಿಲ್ಲುವಂತೆ ಒಣ ಕೈಯನ್ನಿಟ್ಟು, ಬಿಗುವಿರುವ ದಿಕ್ಕಿಗೆ ಮೆಲ್ಲನೆ ಒತ್ತಿ ಎಳೆದು, ಒಂದೂವರೆ ನಿಮಿಷದಿಂದ ಐದು ನಿಮಿಷದವರೆಗೆ ಕಾಯುತ್ತಾರೆ. ಕೆಳಗಿನ ಭಾಗ ತಾನಾಗಿ ಸಡಿಲಗೊಂಡಂತೆ ಅನುಭವಕ್ಕೆ ಬಂದಾಗ ಕೈ ಅದನ್ನು ಹಿಂಬಾಲಿಸುತ್ತದೆ. ಅವಸರಕ್ಕೂ ಬಲಪ್ರಯೋಗಕ್ಕೂ ಇಲ್ಲಿ ಎಡೆಯಿಲ್ಲ.

‘ನೋವಾದಷ್ಟೂ ಗುಣ’ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಅದು ತಪ್ಪು. ತೊಡೆಯ ಹೊರಬದಿಯ ಮತ್ತು ಅಂಗಾಲಿನ ದಪ್ಪ ಪೊರೆಗಳನ್ನು ಶೇಕಡ 1ರಷ್ಟು ಬದಲಿಸಬೇಕಾದರೂ ಚಿಕಿತ್ಸಕರ ಕೈಗೆ ಮೀರಿದ ಬಲ ಬೇಕಾಗುತ್ತದೆಂದು 2008ರಲ್ಲಿ ಪ್ರಕಟವಾದ ಗಣಿತದ ಲೆಕ್ಕಾಚಾರವೊಂದು ತೋರಿಸಿತು. ಹಾಗಿದ್ದೂ ಮೈ ಹಗುರಾಗುವುದಕ್ಕೆ ಕಾರಣ, ನಿಧಾನವಾದ ಸ್ಪರ್ಶದಿಂದ ನರಮಂಡಲ ಶಾಂತವಾಗಿ ಸ್ನಾಯುವಿನ ಬಿಗಿತವನ್ನು ತಗ್ಗಿಸುವುದೇ ಇರಬಹುದೆಂದು ಅನೇಕ ತಜ್ಞರು ಭಾವಿಸುತ್ತಾರೆ. ಬಲವಂತವಾಗಿ ಒತ್ತಿದರೆ ನೋವಿಗೆ ಅಂಜಿ ಸ್ನಾಯು ಇನ್ನಷ್ಟು ಬಿಗಿಯಾಗುತ್ತದೆ.

ಸಡಿಲವಾದ ಮೇಲೆ ಚಲನೆ

ಅಧ್ಯಯನಗಳಲ್ಲಿ ಅಲ್ಪಕಾಲದ ಉಪಶಮನ ಕಂಡುಬಂದಿದೆ. ದೀರ್ಘಕಾಲದ ಫಲಕ್ಕೆ ಆಧಾರ ಇನ್ನೂ ದುರ್ಬಲ. ಆದುದರಿಂದ ಮರ್ದನವನ್ನೇ ನೆಚ್ಚಿ ಕೂರಬಾರದು. ಅದು ಬಾಗಿಲನ್ನು ತೆರೆಯುತ್ತದೆ, ದಾಟಬೇಕಾದವರು ನಾವೇ. ನೋವು ತಗ್ಗಿದ ಹೊತ್ತಿನಲ್ಲಿ ಕೈಯನ್ನು ಮೇಲೆತ್ತಿ ಇಳಿಸುವುದು, ಸೊಂಟವನ್ನು ಮೆಲ್ಲನೆ ಬಾಗಿಸುವುದು, ನಡೆಯುವುದು ಅಗತ್ಯ. ಕುಳಿತು ದುಡಿಯುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು.

ಮನೆಯಲ್ಲಿ ಮಾಡಿಕೊಳ್ಳುವುದಾದರೆ ಒಂದು ಟೆನ್ನಿಸ್ ಚೆಂಡು ಸಾಕು. ಚೆಂಡನ್ನು ಗೋಡೆಗೂ ಬೆನ್ನಿನ ಮಾಂಸಲ ಭಾಗಕ್ಕೂ ನಡುವೆ ಇಟ್ಟು, ಸಹನೀಯವಾದಷ್ಟೇ ಒರಗಿ, ಒಂದೆರಡು ನಿಮಿಷ ದೀರ್ಘವಾಗಿ ಉಸಿರಾಡಬೇಕು. ಬೆನ್ನುಹುರಿಯ ಎಲುಬಿನ ಮೇಲೆ, ಕತ್ತಿನ ಮುಂಭಾಗದಲ್ಲಿ ಒತ್ತಬಾರದು. ಮುಂಜಾನೆ ಮೊದಲ ಹೆಜ್ಜೆಗೆ ಹಿಮ್ಮಡಿ ನೋಯುವವರು ಕುಳಿತು ಅದೇ ಚೆಂಡನ್ನು ಅಂಗಾಲಿನಡಿ ಹೊರಳಿಸಬಹುದು. ಮಧುಮೇಹದಿಂದ ಪಾದ ಜೋಮು ಹಿಡಿದವರು ಇದನ್ನು ಮಾಡಬಾರದು. ಗಾಯವಾದರೂ ಅವರಿಗೆ ತಿಳಿಯುವುದಿಲ್ಲ.

ಮರ್ದನ ಸಲ್ಲದ ಸಂದರ್ಭಗಳು

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಬಿದ್ದ ಬಳಿಕ ಹುಟ್ಟಿದ ನೋವಿನಲ್ಲಿ ಎಲುಬು ಮುರಿದಿರಬಹುದು. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶ ಸೇರಿ ಪ್ರಾಣಕ್ಕೇ ಅಪಾಯ. ಎದೆಯಿಂದ ಎಡತೋಳಿಗೆ ಹರಿಯುವ ನೋವು ಹೃದಯದ್ದಾಗಿರಬಹುದು. ಬೆನ್ನುನೋವಿನೊಡನೆ ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದು ಜೋಮುಗಟ್ಟುವುದು, ಕಾಲು ಬಲಗುಂದುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಇವಿದ್ದರೂ ಮೊದಲು ವೈದ್ಯರಲ್ಲಿ ತೋರಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಎಲುಬು ಸವೆದ ವೃದ್ಧರು, ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಮರ್ದನ ಮಾಡಿಸಿಕೊಳ್ಳಬಾರದು. ಉಳಿದವರೂ ತರಬೇತಿ ಪಡೆದ ಫಿಸಿಯೋಥೆರಪಿಸ್ಟರ ಬಳಿಗೇ ಹೋಗುವುದು ಕ್ಷೇಮ.

ವರ್ಷಗಟ್ಟಲೆ ದುಡಿದು ಬಿಗಿದುಕೊಂಡ ಮೈ ಒಂದೇ ದಿನದಲ್ಲಿ ಬಿಡುವುದಿಲ್ಲ. ತಾಳ್ಮೆಯ ಕೈ, ನಿತ್ಯದ ಚಲನೆ, ಸಕಾಲದ ವೈದ್ಯರ ಸಲಹೆ ಇವು ಮೂರೂ ಕೂಡಿದಾಗ ಮೇಲೇಳದ ಕೈ ಮತ್ತೆ ತಲೆ ಮುಟ್ಟುವ ದಿನ ಬರಬಹುದು.